ಬಫೆ ಊಟಕ್ಕೆ ಹೊರಟಿದ್ದೀರಾ? ತಟ್ಟೆ ಹಿಡಿಯುವ ಮುನ್ನ ಇಷ್ಟು ನೋಡಿಕೊಳ್ಳಿ

"ಬಫೆಯಲ್ಲಿ ಊಟ ಮಾಡಿದರೆ ಹೊಟ್ಟೆ ಕೆಡುತ್ತದಾ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆಂದು ಬೆಂಗಳೂರಿನ ಬಫೆ ಹೋಟೆಲಿನಲ್ಲಿ ಇಪ್ಪತ್ತು ಜನಕ್ಕೆ ಟೇಬಲ್ ಕಾದಿರಿಸಿದವರು ಕೇಳುತ್ತಾರೆ. ಚಿಕ್ಕಮಗಳೂರಿನ ರೆಸಾರ್ಟ್‌ಗೆ ಹೊರಟ ಗರ್ಭಿಣಿ ಕೇಳುತ್ತಾರೆ. ಆರತಕ್ಷತೆಗೆ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬೇಕಾದವರು ಹಿಂದಿನ ರಾತ್ರಿ ಫೋನ್ ಮಾಡಿ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳಿ ಸಾಕಾಗಿದೆ. ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನನ್ನ ಉತ್ತರ ಸರಳ. ಹೋಗಿ, ಆದರೆ ನೋಡಿ ತಿನ್ನಿ. ಹೋಟೆಲ್ ಅಡುಗೆಮನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದವಳು ನಾನು. ಬರುವ ಗಿರಾಕಿಗಳು ನೆಲ ಹೊಳೆಯುತ್ತಿದೆಯಾ, ಬಡಿಸುವವರ ಅಂಗಿ ಬೆಳ್ಳಗಿದೆಯಾ ಎಂದು ನೋಡುತ್ತಿದ್ದರು. ಪಾತ್ರೆಯ ಕೆಳಗೆ ಉರಿ ಇದೆಯಾ ಎಂದು ಬಗ್ಗಿ ನೋಡಿದವರು ತೀರಾ ಕಡಿಮೆ. ಹೊಟ್ಟೆ ಕೆಡುವುದು ಬಹುಮಟ್ಟಿಗೆ ಮೂರು ಕಾರಣಕ್ಕೆ: ಬಿಸಿ ಸಾಲದು, ಹೊತ್ತು ಮೀರಿದೆ, ಯಾರದೋ ಕೈಯ ಕೊಳೆ ಅನ್ನಕ್ಕೆ ಇಳಿದಿದೆ. ಈ ಮೂರನ್ನು ಗುರುತಿಸುವುದು ಕಲಿತರೆ ಐದು ನಕ್ಷತ್ರದ ಹೋಟೆಲಾಗಲಿ, ಛತ್ರದ ಊಟವಾಗಲಿ, ಲೆಕ್ಕ ಒಂದೇ.

ಮೊದಲು ಆ ಲೆಕ್ಕ ಅರ್ಥವಾಗಲಿ

ಬೇಯಿಸಿದ ಅಡುಗೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕು, ಇಲ್ಲವೇ 60 ಡಿಗ್ರಿಗಿಂತ ಬಿಸಿಯಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವೆರಡರ ನಡುವಿನದು ಅಪಾಯದ ವಲಯ, ಅಂದರೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುವ ಶಾಖ. ಆ ವಲಯದಲ್ಲಿ ಬೇಯಿಸಿದ ಆಹಾರ 2 ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಸುತ್ತಲಿನ ಗಾಳಿಯೇ 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಮಿತಿ ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆ. ನಮ್ಮ ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್ ತಿಂಗಳ ಮದುವೆಗಳಿಗೆ ಆ 1 ಗಂಟೆಯ ಲೆಕ್ಕವನ್ನೇ ಹಿಡಿಯಬೇಕು.

ಅನ್ನದ ವಿಷಯ ಬಹಳ ಜನರಿಗೆ ಗೊತ್ತಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಬೀಜಕಣ ಎಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋದ ರೂಪ. ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಆರಿ ಉಗುರುಬೆಚ್ಚಗಾದಾಗ ಎಚ್ಚರಗೊಂಡು ಬೆಳೆಯುತ್ತವೆ, ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಮಧ್ಯಾಹ್ನದ ಫ್ರೈಡ್ ರೈಸ್ ತಿಂದು ಸಂಜೆಯೊಳಗೇ ವಾಂತಿ ಶುರುವಾದರೆ ಇದು ಕಾರಣವಾಗಿರಬಹುದು.

ದೊಡ್ಡ ಹಂಡೆಯಲ್ಲಿ ಮಾಡಿದ ಮಾಂಸದ ಸಾರು, ದಪ್ಪ ಗ್ರೇವಿ ನಿಧಾನವಾಗಿ ಆರುವಾಗ ಬೆಳೆಯುವುದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್. ಕೈಯ ಗಾಯ, ಮೂಗಿನಿಂದ ಅಡುಗೆಗೆ ಇಳಿಯುವುದು ಸ್ಟ್ಯಾಫಿಲೊಕಾಕಸ್. ಕೈಯಿಂದ ಕೈಗೆ, ಸೌಟಿನಿಂದ ಸೌಟಿಗೆ ಹರಡುವುದು ನೊರೋವೈರಸ್. ಹೆಸರುಗಳನ್ನು ನೆನಪಿಟ್ಟುಕೊಳ್ಳುವ ಅಗತ್ಯವಿಲ್ಲ. ಆದರೆ ಇವು ಸೇರಿದ ಅಡುಗೆಗೆ ಹಳಸಿದ ವಾಸನೆ ಬರಲೇಬೇಕೆಂದಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. "ಮೂಸಿ ನೋಡಿದೆ, ಚೆನ್ನಾಗಿಯೇ ಇತ್ತು" ಎನ್ನುವುದು ಸಾಕ್ಷಿಯಲ್ಲ. ಖಾರ ಜಾಸ್ತಿ ಇದ್ದರೆ ಕ್ರಿಮಿ ಸಾಯುತ್ತದೆ, ಮೇಲೆ ನಿಂಬೆ ಹಿಂಡಿದರೆ ಸಾಕು ಎನ್ನುವವರ ಮಾತನ್ನೂ ನಂಬಬೇಡಿ.

ಜೊತೆಗೆ ಏನೇನು ಬೇಕು? ಕೈಗಡಿಯಾರ ಅಥವಾ ಮೊಬೈಲ್, ಹೊತ್ತು ನೋಡಲು. ಚೀಲದಲ್ಲಿ ಪೇಪರ್ ಸೋಪ್ ಅಥವಾ ಸಣ್ಣ ಸೋಪಿನ ತುಂಡು. ಒಂದು ಬಾಟಲಿ ನೀರು. ಮನೆಯಲ್ಲಿ ಎರಡು ಪೊಟ್ಟಣ ಓಆರ್‌ಎಸ್, ಅಂದರೆ ಭೇದಿಯಾದಾಗ ನೀರಿಗೆ ಕಲಸಿ ಕುಡಿಯುವ ಪುಡಿ. ಇಷ್ಟೇ.

1. ಹೊರಡುವ ಮುನ್ನ ಹೊತ್ತು ಗೊತ್ತುಮಾಡಿಕೊಳ್ಳಿ

ಫೋನ್ ಮಾಡಿ, ಬಫೆ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿ. ಮಧ್ಯಾಹ್ನ 12:30ಕ್ಕೆ ತೆರೆಯುವುದಾದರೆ 12:30ರಿಂದ 1:30ರ ಒಳಗೆ ತಟ್ಟೆ ಹಿಡಿಯುವಂತೆ ಹೋಗಿ. 3:30ಕ್ಕೆ ಮುಚ್ಚುವ ಬಫೆಗೆ 3 ಗಂಟೆಗೆ ಹೋಗುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು. ಆ ಹೊತ್ತಿಗೆ ಒಳಗಿಂದ ಹೊಸ ಪಾತ್ರೆ ಬರುವುದು ನಿಂತಿರುತ್ತದೆ. ಇದ್ದದ್ದನ್ನೇ ಒಟ್ಟು ಮಾಡಿ ಸಣ್ಣ ಪಾತ್ರೆಗೆ ಹಾಕಿ ಚೆಂದ ಮಾಡಿ ಇಟ್ಟಿರುತ್ತಾರೆ.

ಜನಜಂಗುಳಿ ಇರುವ ಕಡೆ ಹೋಗಬಾರದು ಎಂದು ಕೆಲವರು ಹೇಳುತ್ತಾರೆ. ನನ್ನ ಅನುಭವ ಬೇರೆ. ಜನ ಹೆಚ್ಚಿದ್ದಲ್ಲಿ ಅಡುಗೆ ಬೇಗ ಖಾಲಿಯಾಗುತ್ತದೆ, ಹೊಸದು ಬೇಗ ಬರುತ್ತದೆ. ನೂರು ಬಗೆಯ ಖಾದ್ಯ ಇಟ್ಟು ಹತ್ತೇ ಜನ ಕೂತಿರುವ ಹಾಲ್ ನನಗೆ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಅಲ್ಲಿ ಒಂದೊಂದು ಪಾತ್ರೆಯೂ ಗಂಟೆಗಟ್ಟಲೆ ಹಾಗೆಯೇ ಕೂತಿರುತ್ತದೆ.

ಹೋಟೆಲಿನ ಪರವಾನಗಿ ಸಂಖ್ಯೆಯನ್ನೂ ನೋಡಬಹುದು. ಎಫ್‌ಎಸ್‌ಎಸ್‌ಎಐ ಅಂದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ. ಅದು ಕೊಡುವ 14 ಅಂಕಿಗಳ ಸಂಖ್ಯೆಯನ್ನು ಹೋಟೆಲಿನವರು ಎಲ್ಲರಿಗೂ ಕಾಣುವ ಕಡೆ ಹಾಕಿರಬೇಕು. 2022ರ ಜನವರಿ 1ರಿಂದ ಬಿಲ್ಲಿನ ಮೇಲೂ ಅದು ಇರಬೇಕು. ಕೆಲವು ಹೋಟೆಲುಗಳಲ್ಲಿ ನಗುಮುಖದ ಚಿತ್ರವಿರುವ ನೈರ್ಮಲ್ಯ ರೇಟಿಂಗ್ ಫಲಕವೂ ಇರುತ್ತದೆ, ಅದರಲ್ಲಿ 5 ಅತ್ಯುತ್ತಮ. ಇದ್ದರೆ ಒಳ್ಳೆಯದೇ. ಆದರೆ ಪರವಾನಗಿ ಇದೆ ಎಂದ ಮಾತ್ರಕ್ಕೆ ಇವತ್ತಿನ ಸಾಂಬಾರ್ ಬಿಸಿಯಾಗಿದೆ ಎಂದಲ್ಲ. ಅದನ್ನು ನೀವೇ ನೋಡಬೇಕು.

2. ತಟ್ಟೆ ಹಿಡಿಯದೆ ಒಂದು ಸುತ್ತು ಬನ್ನಿ

ಕೈಯಲ್ಲಿ ತಟ್ಟೆ ಬಂದರೆ ಕಣ್ಣು ಮಂಕಾಗುತ್ತದೆ, ಹಿಂದೆ ನಿಂತವರು ಅವಸರ ಮಾಡುತ್ತಾರೆ. ಅದಕ್ಕೇ ಮೊದಲು ಬರಿಗೈಯಲ್ಲಿ ಹೋಗಿ. ಕೈತೊಳೆಯುವ ಜಾಗದಿಂದ ಶುರುಮಾಡಿ. ನಲ್ಲಿಯಲ್ಲಿ ನೀರು ಬರುತ್ತಿದೆಯಾ, ಸೋಪು ಇದೆಯಾ, ಒರೆಸಿಕೊಳ್ಳಲು ಕಾಗದ ಇದೆಯಾ? ಗಿರಾಕಿಗಳ ಬೇಸಿನ್ನಿನಲ್ಲೇ ಸೋಪಿನ ಡಬ್ಬ ಖಾಲಿ ಇದ್ದರೆ, ಕಾಣದಿರುವ ಅಡುಗೆಮನೆಯಲ್ಲಿ ತುಂಬಿರುತ್ತದೆ ಎಂದು ನಂಬುವುದು ನನಗೆ ಕಷ್ಟ.

ಆಮೇಲೆ ಸಾಲಿನ ಉದ್ದಕ್ಕೂ ನಡೆಯಿರಿ. ಅಡುಗೆಯ ಮೇಲೆ ಗಾಜಿನ ಅಡ್ಡತಡೆ ಇದೆಯಾ ನೋಡಿ. ಕೆಮ್ಮು, ಸೀನು ಅಡುಗೆಗೆ ಬೀಳದಿರಲೆಂದು ಮಾಡಿದ ಏರ್ಪಾಡು ಅದು. 1959ರಲ್ಲೇ ಅಮೆರಿಕದ ಹೋಟೆಲ್ ಮಾಲೀಕರೊಬ್ಬರು ಅದಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮಲ್ಲಿ ಎಷ್ಟೋ ಕಡೆ ಗಾಜು ಇರುತ್ತದೆ, ಆದರೆ ಮಗುವಿನ ಮುಖದ ಎತ್ತರಕ್ಕೆ ಪಾತ್ರೆ ಪೂರ್ತಿ ತೆರೆದೇ ಇರುತ್ತದೆ. ಗಾಜಿಲ್ಲದ ಕಡೆ ಮುಚ್ಚಳವಾದರೂ ಇರಬೇಕು. ಎರಡೂ ಇಲ್ಲದೆ, ಸೊಳ್ಳೆಬತ್ತಿ ಹೊಗೆಯ ಪಕ್ಕದಲ್ಲಿ, ನೊಣ ಕೂರುವ ಹಾಗೆ ಸಿಹಿ ಇಟ್ಟಿದ್ದರೆ ಅದನ್ನು ಬಿಟ್ಟುಬಿಡಿ.

3. ಬಿಸಿ ಪಾತ್ರೆಗಳನ್ನು ಓದುವುದು ಕಲಿಯಿರಿ

ಈ ಲೇಖನದಲ್ಲಿ ಒಂದೇ ಒಂದು ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಬಫೆಯಲ್ಲಿ ಬಿಸಿ ಅಡುಗೆ ಇಡುವ ಉದ್ದನೆಯ, ಮುಚ್ಚಳವಿರುವ ಸ್ಟೀಲ್ ಪಾತ್ರೆಗೆ ಚೇಫಿಂಗ್ ಡಿಶ್ ಎನ್ನುತ್ತಾರೆ. ಅದರಲ್ಲಿ ಎರಡು ಅಂತಸ್ತು. ಕೆಳಗಿನ ತಟ್ಟೆಯಲ್ಲಿ ಬಿಸಿನೀರು, ಮೇಲಿನ ತಟ್ಟೆಯಲ್ಲಿ ಅಡುಗೆ. ನೀರಿನ ಅಡಿಯಲ್ಲಿ ಸಣ್ಣ ಡಬ್ಬಿಯ ಇಂಧನ ಉರಿಯುತ್ತಿರುತ್ತದೆ, ಇಲ್ಲವೇ ಕರೆಂಟಿನ ಕಾಯಿಲ್ ಇರುತ್ತದೆ. ಬಿಸಿಯಾಗಿ ಬಂದದ್ದನ್ನು ಬಿಸಿಯಾಗಿಯೇ ಉಳಿಸುವುದಷ್ಟೇ ಅದರ ಕೆಲಸ. ಆರಿದ ಅಡುಗೆಯನ್ನು ಮತ್ತೆ ಕಾಯಿಸುವ ಶಕ್ತಿ ಅದಕ್ಕಿಲ್ಲ. ಫ್ರಿಜ್‌ನಿಂದ ತೆಗೆದ ಗ್ರೇವಿಯನ್ನು ನೇರವಾಗಿ ಅದರಲ್ಲಿ ಸುರಿದರೆ, ಅದು ಊಟ ಮುಗಿಯುವವರೆಗೂ ಉಗುರುಬೆಚ್ಚಗೇ ಕೂತಿರುತ್ತದೆ. ಅಪಾಯದ ವಲಯ ಎಂದೆನಲ್ಲ, ಅದರ ನಟ್ಟನಡುವೆ.

ಹಾಗಾದರೆ ಏನು ನೋಡಬೇಕು? ಸ್ವಲ್ಪ ಬಗ್ಗಿ. ಕೆಳಗೆ ಉರಿ ಕಾಣುತ್ತಿದೆಯಾ? ಎರಡು ಡಬ್ಬಿ ಇರುವ ಜಾಗದಲ್ಲಿ ಒಂದು ಆರಿಹೋಗಿದೆಯಾ? ನಂತರ ಮುಚ್ಚಳ ಎತ್ತಿ. ಸರಿಯಾಗಿ ಬಿಸಿಯಿರುವ ಪಾತ್ರೆಯ ಮುಚ್ಚಳ ಎತ್ತಿದೊಡನೆ ಹಬೆ ಮುಖಕ್ಕೆ ಬಡಿಯುತ್ತದೆ, ಮುಚ್ಚಳದ ಒಳಮೈಯಿಂದ ನೀರಹನಿ ತೊಟ್ಟಿಕ್ಕುತ್ತದೆ. ಆರಿದ ಪಾತ್ರೆಯ ಮುಚ್ಚಳದಲ್ಲಿ ಹನಿಗಳು ತಣ್ಣಗೆ ಅಂಟಿಕೊಂಡಿರುತ್ತವೆ, ಹಬೆ ಏಳುವುದಿಲ್ಲ. ಪನ್ನೀರ್ ಗ್ರೇವಿಯ ಮೇಲೆ ಎಣ್ಣೆ ಹೆಪ್ಪುಗಟ್ಟಿ ತೆಳು ಪೊರೆಯಾಗಿದ್ದರೆ, ಸೌಟು ಆಡಿಸಿದಾಗ ಆ ಪೊರೆ ಸುಕ್ಕು ಸುಕ್ಕಾಗಿ ಮಡಚಿಕೊಂಡರೆ, ಅದು ಬಹಳ ಹೊತ್ತಿನಿಂದ ಕೂತಿದೆ. ಪಲಾವಿನ ಅಂಚು ಒಣಗಿ ಗಟ್ಟಿಯಾಗಿ, ನಡುವಿನ ಅನ್ನ ಮುದ್ದೆಗಟ್ಟಿದ್ದರೂ ಅದೇ ಅರ್ಥ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಬಿರಿಯಾನಿಯನ್ನು ಮೇಲಿನಿಂದ ಹಾಕಿಕೊಳ್ಳಬೇಡಿ. ಸೌಟನ್ನು ಪಾತ್ರೆಯ ನಡುವಿಗೆ ಇಳಿಸಿ ಆಳದಿಂದ ಒಂದು ಸೌಟು ತೆಗೆದು ತಟ್ಟೆಗೆ ಹಾಕಿ, ತಟ್ಟೆಯ ತಳಕ್ಕೆ ಅಂಗೈ ಹಿಡಿಯಿರಿ. ಸ್ಟೀಲ್ ತಟ್ಟೆಯಾದರೆ ಕೈ ಚುರ್ ಎನ್ನಬೇಕು. ಪಿಂಗಾಣಿ ತಟ್ಟೆಯಾದರೆ ಮೊದಲ ತುತ್ತನ್ನು ಊದಿಕೊಂಡು ತಿನ್ನುವ ಹಾಗಿರಬೇಕು. ಊದದೆ ನುಂಗುವಂತಿದ್ದರೆ ಆ ಅನ್ನ ಬೇಡ.

ಹೊಸ ಅಡುಗೆ ಬರುವಾಗ ಏನು ಮಾಡುತ್ತಾರೆ ಎಂಬುದನ್ನೂ ಗಮನಿಸಿ. ಒಳಗಿಂದ ಹೊಸ ತಟ್ಟೆ ತಂದಿಟ್ಟು ಹಳೆಯದನ್ನು ಎತ್ತಿಕೊಂಡು ಹೋಗುವುದು ಸರಿಯಾದ ಕ್ರಮ. ಹಳೆಯದರ ಮೇಲೇ ಹೊಸದನ್ನು ಸುರಿದು ಕಲಸಿದರೆ, ಅಡಿಯಲ್ಲಿರುವುದು ಮೊದಲ ಗಂಟೆಯದೇ ಆಗಿ ಉಳಿಯುತ್ತದೆ. ಅದರಲ್ಲಿ ಬೆಳೆದದ್ದೆಲ್ಲ ಹೊಸದಕ್ಕೂ ಹತ್ತುತ್ತದೆ. ಕೆಲಸದ ಒತ್ತಡದಲ್ಲಿ ಹೀಗೆ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ತಡೆದು ಬೈಸಿಕೊಂಡಿದ್ದೇನೆ ಕೂಡ.

ಕೇಳಲು ಸಂಕೋಚ ಬೇಡ. "ಅಣ್ಣಾ, ಇದು ಆರಿದೆ, ಒಳಗಿಂದ ಬಿಸಿ ಇರೋದು ತರ್ತೀರಾ?" ಎಂದರೆ ಸಾಕು. ಬಹುತೇಕ ಸಿಬ್ಬಂದಿ ಮರುಮಾತಾಡದೆ ತಂದುಕೊಡುತ್ತಾರೆ. ದುಡ್ಡು ಕೊಟ್ಟು ಉಣ್ಣುವವರು ನೀವು, ಕೇಳುವುದು ನಿಮ್ಮ ಹಕ್ಕು. ದೋಸೆ, ಆಮ್ಲೆಟ್, ಪಾಸ್ತಾ ಕಣ್ಣೆದುರೇ ಮಾಡಿಕೊಡುವ ಲೈವ್ ಕೌಂಟರ್ ಇದ್ದರೆ ಮೊದಲು ಅಲ್ಲಿಗೆ ಹೋಗಿ. ಇಡೀ ಹಾಲ್‌ನಲ್ಲಿ ಹೊತ್ತಿನ ಲೆಕ್ಕ ಕಣ್ಣಿಗೆ ಕಾಣುವ ಜಾಗ ಅದೊಂದೇ. ಆಮ್ಲೆಟ್ ಮಾತ್ರ ಎರಡೂ ಕಡೆ ಚೆನ್ನಾಗಿ ಬೇಯಿಸಲು ಹೇಳಿ, ಒಳಗೆ ಹಸಿ ಹಳದಿ ಹರಿಯಬಾರದು.

4. ತಣ್ಣನೆಯ ಸಾಲಿನಲ್ಲಿ ಎರಡು ಪಟ್ಟು ಎಚ್ಚರ

ಆರೋಗ್ಯಕ್ಕೆ ಒಳ್ಳೆಯದೆಂದು ಜನ ಮೊದಲು ನುಗ್ಗುವುದು ಸಲಾಡಿಗೆ. ಬಫೆಯಲ್ಲಿ ನಾನು ಕೊನೆಗೆ ನೋಡುವ ಜಾಗ ಅದು. ಹಸಿ ಸೌತೆಕಾಯಿ, ಟೊಮೆಟೊ, ಕೊತ್ತಂಬರಿ ಸೊಪ್ಪನ್ನು ಯಾವ ನೀರಿನಲ್ಲಿ ತೊಳೆದರು, ಯಾವ ಹಲಗೆಯ ಮೇಲೆ ಹೆಚ್ಚಿದರು ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಕೋಳಿ ಕತ್ತರಿಸಿದ ಹಲಗೆಯಲ್ಲೇ ಸೌತೆಕಾಯಿ ಹೆಚ್ಚಿದರೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಅದಕ್ಕೂ ದಾಟುತ್ತದೆ. ಕೋಳಿಯಾದರೆ ಆಮೇಲೆ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲವಲ್ಲ.

ತಣ್ಣನೆಯ ಪದಾರ್ಥದ ಪಾತ್ರೆ ಮಂಜುಗಡ್ಡೆಯಲ್ಲಿ ಹುದುಗಿರಬೇಕು, ಇಲ್ಲವೇ ತಣ್ಣಗಿಡುವ ಕೌಂಟರ್‌ನಲ್ಲಿರಬೇಕು. ಮಂಜುಗಡ್ಡೆ ಕರಗಿ ಬರೀ ನೀರಿನಲ್ಲಿ ಪಾತ್ರೆ ತೇಲುತ್ತಿದ್ದರೆ ಬಿಡಿ. ಕೆಲವು ಕಡೆ ಮಂಜುಗಡ್ಡೆಯನ್ನು ಅಲಂಕಾರಕ್ಕೆ ಪಾತ್ರೆಯ ಸುತ್ತ ಮಾತ್ರ ಹರಡಿರುತ್ತಾರೆ, ಅಡಿಯಲ್ಲಿ ಇರುವುದೇ ಇಲ್ಲ. ಪಾತ್ರೆಯ ಪಕ್ಕ ಮುಟ್ಟಿ ನೋಡಿ, ತಂಪು ಕೈಗೆ ಹತ್ತಬೇಕು.

ಮಯೋನೀಸ್ ಹಾಕಿದ ಸಲಾಡ್, ರಾಯತ, ಫ್ರೂಟ್ ಕಸ್ಟರ್ಡ್, ರಸಮಲೈ, ಕ್ರೀಮ್ ಇರುವ ಕೇಕ್, ಇವೆಲ್ಲ ತಣ್ಣಗಿರಲೇಬೇಕಾದವು. ಜಾಮೂನು, ಜಿಲೇಬಿ, ಮೈಸೂರು ಪಾಕಿನಂಥವು ಅಷ್ಟು ಬೇಗ ಕೆಡುವುದಿಲ್ಲ, ಸಕ್ಕರೆ ಅವನ್ನು ಕಾಪಾಡುತ್ತದೆ. ತೆಂಗಿನಕಾಯಿ ಚಟ್ನಿಯನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಆದರೆ ಸೆಕೆಗಾಲದಲ್ಲಿ ಬೇಗ ಹುಳಿಯುವುದು ಅದೇ. ಬೆಳಿಗ್ಗೆ 7ಕ್ಕೆ ಇಟ್ಟ ಚಟ್ನಿ 10ರವರೆಗೂ ಅದೇ ಬಟ್ಟಲಿನಲ್ಲಿದ್ದರೆ ಇಡ್ಲಿಗೆ ಬಿಸಿ ಸಾಂಬಾರ್ ಸಾಕು. ಮೊಸರನ್ನದ ಹುಳಿ ಸ್ವಲ್ಪ ರಕ್ಷಣೆ ಕೊಡುವುದು ನಿಜ. ಹಾಗೆಂದು ಹಾಲು ಬೆರೆಸಿ ಸಿಹಿಯಾಗಿಟ್ಟ ಮೊಸರನ್ನಕ್ಕೆ ಆ ರಕ್ಷಣೆ ಇರುವುದಿಲ್ಲ. ಅದರಲ್ಲಿರುವ ಅನ್ನವೂ ಅದೇ ಅನ್ನವೇ.

ಹೆಚ್ಚಿಟ್ಟ ಪಪ್ಪಾಯಿ, ಕಲ್ಲಂಗಡಿಗಿಂತ ಸಿಪ್ಪೆಯಿರುವ ಬಾಳೆಹಣ್ಣು, ಕಿತ್ತಳೆ ಲೇಸು. ರೆಸಾರ್ಟ್ ತಿಂಡಿಯ ಸಾಲಿನಲ್ಲಿ ಇವು ಇದ್ದೇ ಇರುತ್ತವೆ.

5. ಸೌಟಿನ ಹಿಡಿಯನ್ನು ಅನುಮಾನಿಸಿ

2020ರಲ್ಲಿ ಜಪಾನಿನ ಎನ್‌ಎಚ್‌ಕೆ ವಾಹಿನಿ ವೈದ್ಯರ ಜೊತೆ ಸೇರಿ ಒಂದು ಪ್ರಯೋಗ ತೋರಿಸಿತ್ತು. ಬಫೆ ಊಟಕ್ಕೆ 10 ಜನ. ಅವರಲ್ಲಿ ಒಬ್ಬರ ಕೈಗೆ, ವಿಶೇಷ ಬೆಳಕಿನಲ್ಲಿ ಮಾತ್ರ ಹೊಳೆಯುವ ಬಣ್ಣ ಹಚ್ಚಿದ್ದರು. 30 ನಿಮಿಷ ಎಲ್ಲರೂ ಎಂದಿನಂತೆ ಉಂಡರು. ಆಮೇಲೆ ದೀಪ ಆರಿಸಿ ಆ ಬೆಳಕು ಹಾಕಿದಾಗ ಬಣ್ಣ ಎಲ್ಲರಿಗೂ ಹರಡಿತ್ತು, ಮೂವರ ಮುಖದ ಮೇಲೂ ಇತ್ತು. ಸಿಬ್ಬಂದಿಯೇ ಬಡಿಸಿ, ಇಕ್ಕಳಗಳನ್ನು ಆಗಾಗ ಬದಲಿಸಿ, ಎಲ್ಲರೂ ಕೈತೊಳೆದು ಮತ್ತೆ ಮಾಡಿದಾಗ ಯಾರ ಮುಖಕ್ಕೂ ಬಣ್ಣ ಹೋಗಿರಲಿಲ್ಲ.

ನಮ್ಮವರಿಗೆ ಇದು ಇನ್ನೂ ಮುಖ್ಯ, ಏಕೆಂದರೆ ನಾವು ಕೈಯಲ್ಲೇ ಉಣ್ಣುತ್ತೇವೆ. ಊಟಕ್ಕೆ ಮುಂಚೆ ಕೈತೊಳೆದುಕೊಂಡು ಬಂದು, ನೂರು ಜನ ಹಿಡಿದ ಸೌಟನ್ನು ಹಿಡಿದು, ಅದೇ ಕೈಯಲ್ಲಿ ಕಲಸಿ ತಿಂದರೆ ತೊಳೆದದ್ದು ನೀರಲ್ಲಿ ಹೋಮ. ಕ್ರಮ ಬದಲಿಸಿಕೊಳ್ಳಿ. ಬಡಿಸಿಕೊಂಡು ಬಂದು ತಟ್ಟೆ ಟೇಬಲ್ ಮೇಲಿಟ್ಟು, ಆಮೇಲೆ ಸೋಪು ಹಾಕಿ ಕೈತೊಳೆಯಿರಿ. ಎರಡನೇ ಸುತ್ತಿಗೆ ಎದ್ದರೆ ಸೌಟನ್ನು ಎಡಗೈಯಲ್ಲಿ ಹಿಡಿಯಿರಿ. ಎಡಗೈಯಲ್ಲಿ ಬಡಿಸಿಕೊಳ್ಳುವುದು ನಮ್ಮ ಕಡೆ ಚೆನ್ನಾಗಿ ಕಾಣದು ಎನ್ನುವುದಾದರೆ, ಕಾಗದದ ಕರವಸ್ತ್ರದಿಂದ ಹಿಡಿಯನ್ನು ಹಿಡಿದು ಬಡಿಸಿಕೊಳ್ಳಿ. ಎಂಜಲು ಕೈಯಲ್ಲಿ ಸೌಟು ಮುಟ್ಟಬೇಡಿ. ಇದು ನಿಮ್ಮ ರಕ್ಷಣೆಗಿಂತ ನಿಮ್ಮ ಹಿಂದಿರುವವರ ರಕ್ಷಣೆಗೆ.

ಸ್ಯಾನಿಟೈಸರ್ ಸಾಕಲ್ಲವೇ ಎಂದು ಕೇಳುತ್ತಾರೆ. ನೊರೋವೈರಸ್ ಮೇಲೆ ಆಲ್ಕೋಹಾಲ್ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಸೋಪು, ನೀರು, 20 ಸೆಕೆಂಡಿನ ಉಜ್ಜಾಟ, ಇದೇ ಬೇಕು.

ಸೌಟಿನ ಹಿಡಿ ಗ್ರೇವಿಯೊಳಗೆ ಜಾರಿ ಮುಳುಗಿದ್ದರೆ, ಮಾಂಸದ ಇಕ್ಕಳವೇ ಸಲಾಡಿನಲ್ಲಿ ಬಿದ್ದಿದ್ದರೆ ಸಿಬ್ಬಂದಿಯನ್ನು ಕರೆದು ಪಾತ್ರೆ ಬದಲಿಸಲು ಹೇಳಿ. ಶುದ್ಧ ಸಸ್ಯಾಹಾರಿಗಳು ಇದನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಿಕೊಳ್ಳಬೇಕು. ಶೇಂಗಾ, ಸಿಗಡಿಯಂಥ ಅಲರ್ಜಿ ಇರುವವರಿಗಂತೂ ಒಂದು ಸೌಟಿನ ಅದಲುಬದಲು ಆಸ್ಪತ್ರೆಗೆ ಕಳಿಸಬಹುದು. ಅಂಥವರಿಗೆ ಬಫೆಗಿಂತ ಮೆನು ನೋಡಿ ತರಿಸಿಕೊಳ್ಳುವ ಊಟವೇ ಒಳ್ಳೆಯದು.

6. ತಟ್ಟೆ

ಪ್ರತಿ ಸುತ್ತಿಗೂ ಹೊಸ ತಟ್ಟೆ ತೆಗೆದುಕೊಳ್ಳಿ. "ಯಾಕೆ ಸುಮ್ಮನೆ ತೊಳೆಯುವವರಿಗೆ ತೊಂದರೆ" ಎಂದು ಹಿರಿಯರು ಹಳೆಯ ತಟ್ಟೆಯನ್ನೇ ಒಯ್ಯುತ್ತಾರೆ. ಸೌಟು ಆ ಎಂಜಲು ತಟ್ಟೆಗೆ ತಾಗಿ ಮತ್ತೆ ಪಾತ್ರೆಗೆ ಹೋಗುತ್ತದೆ ಎಂದು ಅವರಿಗೆ ಬಿಡಿಸಿ ಹೇಳಿ. ಎಂಜಲು, ಮುಸುರೆ ನೋಡಿಕೊಂಡು ಬಂದವರಿಗೆ ಈ ಮಾತು ಒಂದೇ ಸಲಕ್ಕೆ ಅರ್ಥವಾಗುತ್ತದೆ. ಒದ್ದೆ ತಟ್ಟೆ ಸಿಕ್ಕರೆ ಹಿಂದಿರುಗಿಸಿ. ಅದನ್ನು ಒರೆಸುವ ಬಟ್ಟೆ ಹೇಗಿದೆ ಎಂದು ನಮಗೆ ಗೊತ್ತಿರುವುದಿಲ್ಲ.

7. ಸ್ಟಾರ್ಟರ್, ಬಣ್ಣ, ಹೊಗೆ

ಟೇಬಲ್ ಮೇಲೇ ಕೆಂಡದ ಒಲೆ ಇಟ್ಟು ಕಂಬಿಗೆ ಚುಚ್ಚಿದ ಕಬಾಬ್ ತಂದುಕೊಡುವ ಹೋಟೆಲುಗಳು ಈಗ ಎಲ್ಲ ಊರಲ್ಲಿವೆ. ಚಿಕನ್ ತುಂಡನ್ನು ಮುರಿದು ನೋಡಿ. ನಡುವೆ ಗುಲಾಬಿ ಬಣ್ಣ ಇದ್ದರೆ, ರಸ ಕೆಂಪಾಗಿ ಹರಿದರೆ ಮತ್ತೆ ಬೇಯಿಸಿ ತರಲು ಹೇಳಿ. ಮಸಾಲೆ ಹಚ್ಚುವ ಬ್ರಷ್ಷನ್ನು ಹಸಿ ಮಾಂಸಕ್ಕೆ ಮುಟ್ಟಿಸಿ ಮತ್ತೆ ಬೆಂದದ್ದಕ್ಕೆ ಸವರಬೇಡಿ.

ಕಣ್ಣು ಕುಕ್ಕುವ ಕೆಂಪು ಗೋಬಿ ಮಂಚೂರಿ ಬೇಡವೇ ಬೇಡ. ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿತು. ಪರೀಕ್ಷೆಗೆ ಕಳಿಸಿದ ಕೆಲವು ಬಾಂಬೆ ಮಿಠಾಯಿ ಮಾದರಿಗಳಲ್ಲಿ ರೋಡಮೈನ್ ಬಿ ಎಂಬ, ಬಟ್ಟೆಗೆ ಹಾಕುವ ಬಣ್ಣ ಸಿಕ್ಕಿತ್ತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣ ನಿಷೇಧವಾಯಿತು. ಬಾಯಿ ಒರೆಸಿದ ಕಾಗದ ಗುಲಾಬಿಯಾದರೆ ತಿನ್ನುವುದು ನಿಲ್ಲಿಸಿ.

ಹೊಗೆ ಬರುವ ಪಾನ್, ಹೊಗೆ ಬರುವ ಬಿಸ್ಕತ್ತು ಮಕ್ಕಳಿಗೆ ಕೊಡಲೇಬೇಡಿ. ಆ ಹೊಗೆ ದ್ರವ ಸಾರಜನಕದ್ದು. 2024ರಲ್ಲಿ ಬೆಂಗಳೂರಿನ ಆರತಕ್ಷತೆಯೊಂದರಲ್ಲಿ ಇಂಥ ಪಾನ್ ತಿಂದ 12 ವರ್ಷದ ಬಾಲಕಿಯ ಜಠರದಲ್ಲಿ ತೂತಾಗಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಇದು ನೈರ್ಮಲ್ಯದ ಮಾತಲ್ಲ, ಆದರೂ ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

8. ನೀರು, ಐಸ್, ಪಾನಿಪೂರಿ

ಮುಚ್ಚಿದ ಬಾಟಲಿಯ ನೀರು ಅಥವಾ ನೀವೇ ತಂದ ನೀರು ಕುಡಿಯಿರಿ. ಜಗ್ಗಿನಲ್ಲಿ ಲೋಟ ಅದ್ದಿ ಕೊಡುವ ಕಡೆ ಕುಡಿಯಬೇಡಿ. ಐಸ್ ಎಂದರೆ ಹೆಪ್ಪುಗಟ್ಟಿದ ನೀರು ಅಷ್ಟೇ, ಹೆಪ್ಪುಗಟ್ಟಿದರೆ ಕ್ರಿಮಿಗಳೆಲ್ಲ ಸಾಯುವುದಿಲ್ಲ. ಪಾನಿಪೂರಿಯ ಪಾನಿಗೆ ಕೈಯನ್ನೇ ಮುಳುಗಿಸಿ ಕೊಡುತ್ತಿದ್ದರೆ ಆಸೆಯನ್ನು ತಡೆದುಕೊಳ್ಳಿ. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಇಂಥ ದಾರಿಯಲ್ಲೇ ಬರುತ್ತದೆ. ಲಕ್ಷಣ ಕಾಣಿಸುವುದಕ್ಕೆ 2ರಿಂದ 7 ವಾರ ಹಿಡಿಯುವುದರಿಂದ ಯಾವ ಊಟದಿಂದ ಬಂತು ಎಂದು ಯಾರಿಗೂ ನೆನಪಿರುವುದಿಲ್ಲ.

9. ಮದುವೆ ಮನೆಯ ಬಫೆಗೆ ಬೇರೆ ಲೆಕ್ಕ

ಪಂಕ್ತಿ ಊಟದಲ್ಲಿ ಎಲೆ ಹೊಸದು, ಸೌಟು ಬಡಿಸುವವರ ಕೈಯಲ್ಲೇ ಇರುತ್ತದೆ, ಅಡುಗೆ ಒಲೆಯಿಂದ ನೇರವಾಗಿ ಬರುತ್ತದೆ. ನೈರ್ಮಲ್ಯದ ದೃಷ್ಟಿಯಿಂದ ನಾನು ಇಂದಿಗೂ ಪಂಕ್ತಿಯ ಪರ. ಎರಡೂ ಇರುವ ಮದುವೆಯಲ್ಲಿ ವಯಸ್ಸಾದವರನ್ನು, ಗರ್ಭಿಣಿಯರನ್ನು, ಐದು ವರ್ಷದೊಳಗಿನ ಮಕ್ಕಳನ್ನು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರನ್ನು ಪಂಕ್ತಿಗೇ ಕೂರಿಸಿ. ಅವರ ದೇಹಕ್ಕೆ ಸಣ್ಣ ಸೋಂಕೂ ದೊಡ್ಡದಾಗುತ್ತದೆ.

ನೀವೇ ಮದುವೆ ಮಾಡುವವರಾದರೆ ಕೇಟರಿಂಗ್‌ನವರೊಡನೆ ಮೂರು ಮಾತು ಮೊದಲೇ ಆಡಿ. ಆರತಕ್ಷತೆ 7ಕ್ಕೆ ಶುರುವಾಗಿ ಊಟ 11ರವರೆಗೆ ನಡೆಯುವುದಾದರೆ ಅನ್ನವನ್ನು ಒಂದೇ ಸಲ ಬೇಯಿಸಬೇಡಿ, ಎರಡು ಮೂರು ಸಲಕ್ಕೆ ಬೇಯಿಸಿ ಎನ್ನಿ. ಪ್ರತಿ ಪಾತ್ರೆಯ ಹಿಂದೆ ಬಡಿಸಲು ಒಬ್ಬರು ನಿಲ್ಲಲಿ, ಅತಿಥಿಗಳು ಸೌಟು ಮುಟ್ಟುವುದು ತಪ್ಪುತ್ತದೆ. ಭೇದಿ, ವಾಂತಿ, ಕೈಗೆ ಗಾಯ ಆಗಿರುವ ಕೆಲಸಗಾರರನ್ನು ಅಡುಗೆಗೆ ನಿಲ್ಲಿಸಬೇಡಿ, ಅವರ ಆ ದಿನದ ಕೂಲಿಯನ್ನು ನಾವೇ ಕೊಡುತ್ತೇವೆ ಎಂದು ಹೇಳಿ. ಈ ಕೊನೆಯ ಮಾತು ಬಹಳ ಮುಖ್ಯ. ಕೂಲಿ ಕಳೆದುಕೊಳ್ಳುವ ಭಯಕ್ಕೇ ಎಷ್ಟೋ ಜನ ಕಾಯಿಲೆ ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾರೆ.

ಉಳಿದ ಅಡುಗೆಯನ್ನು ಡಬ್ಬಿಗೆ ತುಂಬಿ ನೆಂಟರ ಕೈಗೆ ಕೊಡುವ ಪ್ರೀತಿ ನಮ್ಮಲ್ಲಿ ದೊಡ್ಡದು. ಸಿಹಿ, ಖಾರದ ತಿಂಡಿ ಕೊಡಿ. ಮಧ್ಯಾಹ್ನದಿಂದ ಹೊರಗಿದ್ದ ಪಲಾವ್, ಪಲ್ಯ, ಪಾಯಸ ಕೊಡಬೇಡಿ, ಕೊಟ್ಟರೆ ತಿನ್ನಬೇಡಿ.

10. ಹೊಟ್ಟೆ ಕೆಟ್ಟರೆ

ಎಷ್ಟು ಹೊತ್ತಿಗೆ ಶುರುವಾಯಿತು ಎಂದು ಬರೆದಿಡಿ. ಅರ್ಧ ಗಂಟೆಯಿಂದ 8 ಗಂಟೆಯೊಳಗೆ ಜೋರು ವಾಂತಿಯಾದರೆ ಮೊದಲೇ ಬೆಳೆದಿದ್ದ ವಿಷದ ಸಾಧ್ಯತೆ ಹೆಚ್ಚು. 6ರಿಂದ 24 ಗಂಟೆಯೊಳಗೆ ಹೊಟ್ಟೆ ನುಲಿದು ಭೇದಿಯಾದರೆ ಆರಿದ ಮಾಂಸ, ಗ್ರೇವಿಯ ಕಡೆ ಅನುಮಾನ ಹೋಗುತ್ತದೆ. ನೊರೋವೈರಸ್‌ಗೆ 12ರಿಂದ 48 ಗಂಟೆ. ಸಾಲ್ಮೊನೆಲ್ಲಾಗೆ ಆರು ದಿನದವರೆಗೂ ಹಿಡಿಯಬಹುದು. ಹಾಗಾಗಿ ಕೊನೆಗೆ ತಿಂದದ್ದೇ ಕಾರಣ ಎಂದು ತೀರ್ಮಾನಿಸಬೇಡಿ.

ದೇಹದಿಂದ ಹೋದ ನೀರನ್ನು ತುಂಬಿಕೊಡುವುದು ಮೊದಲ ಕೆಲಸ. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿ. ಅಳತೆ ತಪ್ಪಬೇಡಿ, ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಜ್ವರ ಅಥವಾ ಮಲದಲ್ಲಿ ರಕ್ತ ಇದ್ದಾಗ ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ. ಉಳಿದುಹೋದ ಆಂಟಿಬಯಾಟಿಕ್ ನುಂಗುವುದೂ ಬೇಡ. ಮಲದಲ್ಲಿ ರಕ್ತ, 102 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಕುಡಿದ ನೀರೂ ನಿಲ್ಲದಷ್ಟು ವಾಂತಿ, ಮೂತ್ರ ತೀರಾ ಕಡಿಮೆಯಾಗುವುದು, ನಿಂತರೆ ತಲೆ ಸುತ್ತುವುದು, ಮೂರು ದಿನ ದಾಟಿದ ಭೇದಿ, ಇವುಗಳಲ್ಲಿ ಒಂದಿದ್ದರೂ ವೈದ್ಯರ ಹತ್ತಿರ ಹೋಗಿ. ಹಸುಗೂಸು, ಗರ್ಭಿಣಿ, ವೃದ್ಧರ ವಿಷಯದಲ್ಲಿ ಇಷ್ಟು ಕಾಯದೆ ಮೊದಲೇ ಕರೆದೊಯ್ಯಿರಿ. ಆಂಬ್ಯುಲೆನ್ಸ್‌ಗೆ 108.

11. ದೂರು ಕೊಡುವುದು

ನಿಮ್ಮ ಜೊತೆ ಉಂಡವರಿಗೆಲ್ಲ ಫೋನ್ ಮಾಡಿ. ಒಬ್ಬರಿಗೇ ಆಗಿದ್ದರೆ ಕಾರಣ ಬೇರೆ ಇರಬಹುದು. ನಾಲ್ಕೈದು ಜನಕ್ಕೆ ಒಂದೇ ಹೊತ್ತಿಗೆ ಆಗಿದ್ದರೆ, ಅವರೆಲ್ಲ ತಿಂದ ಒಂದೇ ಪದಾರ್ಥ ಯಾವುದು ಎಂದು ಪಟ್ಟಿ ಮಾಡಿ. ಮೊದಲು ಹೋಟೆಲಿನವರಿಗೇ ತಿಳಿಸಿ, ಅದೇ ಅಡುಗೆಯನ್ನು ಇನ್ನೂ ಬಡಿಸುತ್ತಿದ್ದರೆ ತಕ್ಷಣ ನಿಲ್ಲಿಸಬಹುದು. ನಂತರ ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಅಥವಾ 1800112100 ಉಚಿತ ಸಂಖ್ಯೆಯಲ್ಲಿ ದೂರು ದಾಖಲಿಸಿ. ನಿಮ್ಮ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ಬರೆದುಕೊಡಬಹುದು. ಹಣ ವಾಪಸ್ ಅಥವಾ ಪರಿಹಾರದ ಮಾತಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ದೂರಿನಲ್ಲಿ ಸಿಟ್ಟು ಬರೆಯಬೇಡಿ, ವಿವರ ಬರೆಯಿರಿ. ದಿನಾಂಕ, ಊಟ ಮಾಡಿದ ಹೊತ್ತು, ತಿಂದ ಪದಾರ್ಥಗಳು, ಲಕ್ಷಣ ಶುರುವಾದ ಹೊತ್ತು, ಎಷ್ಟು ಜನಕ್ಕೆ ಆಯಿತು, ವೈದ್ಯರ ಚೀಟಿ, ಬಿಲ್ಲಿನಲ್ಲಿರುವ 14 ಅಂಕಿಗಳ ಸಂಖ್ಯೆ. ಎಷ್ಟೋ ದೂರುಗಳು ಮುಂದೆ ಹೋಗದಿರುವುದು ಬಿಲ್ಲನ್ನು ಅಲ್ಲೇ ಟೇಬಲ್ ಮೇಲೆ ಬಿಟ್ಟುಬಂದ ಕಾರಣಕ್ಕೆ. ಹಾಗಾಗಿ ಊಟ ಮುಗಿಸಿ ಏಳುವಾಗಲೇ ಬಿಲ್ಲಿನ ಫೋಟೊ ತೆಗೆದುಕೊಂಡು, ಒಂದು ವಾರವಾದರೂ ಮೊಬೈಲಿನಲ್ಲಿ ಅಳಿಸದೆ ಇಟ್ಟುಕೊಳ್ಳಿ.